ಸೈಕಲ್ಲಿಗೆಂದು ಬಿಟ್ಟ ದಾರಿ

ದೆಹಲಿಗೆ ಮೊದಮೊದಲು ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸೈಕಲ್ಲಿನ ಮಾತು ಇಂದಿಗೂ ಬರುತ್ತದೆ. ಆಗ ವಿನಯನಗರವೆನಿಸಿಕೊಂಡಿದ್ದ ಸರೋಜಿನಿ ನಗರದಿಂದಲೋ ಕರೋಲ್‌ಬಾಗಿನಿಂದಲೋ ಹೊರಟು, ಹ್ಯಾಂಡಲಿಗೆ ಊಟದ ಡಬ್ಬಿ ತೂಗುಹಾಕಿ, ಚಳಿಗಾಲದ ಮಂಜಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಸೆಕ್ರೆಟೇರಿಯಟ್ಟಿಗೆ ಹೋಗುತ್ತಿದ್ದ ಹಿರಿಯರ ಕತೆ ಕೇಳಿಯೇ ನಾವು ಬೆಳೆದೆವು. ಅದೇ ಊರಿನಲ್ಲಿ ಇಂದು ಸೈಕಲ್ಲಿಗೆಂದು ಬಿಟ್ಟ ದಾರಿಯಲ್ಲಿ ಸೈಕಲ್ಲೊಂದನ್ನುಳಿದು ಮಿಕ್ಕದ್ದೆಲ್ಲ ಕಾಣುತ್ತದೆ. ನಿಂತ ಕಾರು, ಹಣ್ಣಿನ ಗಾಡಿ, ಮರಳಿನ ರಾಶಿ, ವಿದ್ಯುತ್ ಕಂಬ, ಏನುಂಟು ಏನಿಲ್ಲ! ಹೀಗಾದದ್ದು ಹೇಗೆಂಬುದನ್ನು ತುಸು ಹಿಂದಿನಿಂದ ನೋಡಬೇಕು.

1950ರ ದಶಕದ ಕೊನೆಯ ಹೊತ್ತಿಗೆ ದೆಹಲಿಯ ಜನರ ಓಡಾಟದಲ್ಲಿ ಸುಮಾರು ಮೂರರಲ್ಲೊಂದು ಪಾಲು ಸೈಕಲ್ಲಿನ ಮೇಲೆಯೇ ನಡೆಯುತ್ತಿತ್ತು. 1962ರಲ್ಲಿ ಜಾರಿಗೆ ಬಂದ ನಗರದ ಮೊದಲ ಮಾಸ್ಟರ್ ಪ್ಲಾನ್ ಸೈಕಲ್ಲಿಗೆ ಪ್ರತ್ಯೇಕ ಹಾದಿಗಳಿರಬೇಕೆಂದು ಹೇಳಿತು. ಆದರೆ ಕಾಗದದ ಮೇಲಿನ ಹಾದಿ ನೆಲಕ್ಕೆ ಇಳಿದದ್ದು ಕಡಿಮೆ. ಅಷ್ಟರಲ್ಲಿ ವರ್ಷಗಟ್ಟಲೆ ಸರದಿ ಕಾದು ಪಡೆದ ಸ್ಕೂಟರು ಮನೆಮನೆಗೆ ಬಂತು. 1982ರ ಏಷ್ಯನ್ ಕ್ರೀಡೆಗಳಿಗಾಗಿ ಮೇಲ್ಸೇತುವೆಗಳು ಎದ್ದವು. 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂತು. ಊರು ನಾಲ್ಕೂ ದಿಕ್ಕಿಗೆ ಬೆಳೆದು ಮನೆಗೂ ಕಚೇರಿಗೂ ನಡುವಿನ ಅಂತರ ಹೆಚ್ಚಿತು. 1990ರ ದಶಕದ ನಡುವಿಗೆ ಸೈಕಲ್ಲಿನ ಪಾಲು ಹತ್ತರಲ್ಲೊಂದಕ್ಕಿಂತ ಕಡಿಮೆಯಾಯಿತು.

ಕಾನೂನು ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. 1989ರ ರಸ್ತೆ ನಿಯಮಗಳಲ್ಲಿ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿಯಿಲ್ಲದೆ ಸೈಕಲ್ ಹಾದಿಯಲ್ಲಿ ಮೋಟಾರು ವಾಹನ ಓಡಿಸಕೂಡದೆಂದು ಸ್ಪಷ್ಟವಾಗಿ ಬರೆದಿತ್ತು. ನಿಯಮವಿತ್ತು, ಆದರೆ ಅದನ್ನು ಅನ್ವಯಿಸಲು ಹಾದಿಗಳೇ ವಿರಳವಾಗಿದ್ದವು.

ಹಾದಿ ನಿಜವಾಗಿ ಬಂದದ್ದು 2008ರ ಏಪ್ರಿಲಿನಲ್ಲಿ. ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿಲೋಮೀಟರ್ ಉದ್ದದ ಬಿ.ಆರ್.ಟಿ. ರಸ್ತೆ ತೆರೆಯಿತು. ದೆಹಲಿಯ ಐ.ಐ.ಟಿ.ಯ ತಜ್ಞರು ಅದರ ವಿನ್ಯಾಸದಲ್ಲಿ ತೊಡಗಿದ್ದರು. ನಡುವೆ ಬಸ್ಸು, ಅದರ ಪಕ್ಕಕ್ಕೆ ಇತರ ವಾಹನ, ಅಂಚಿನಲ್ಲಿ ಸೈಕಲ್ಲಿಗೂ ಪಾದಚಾರಿಗೂ ಬೇರೆಬೇರೆ ಹಾದಿ. ಬೆಳಗಿನ ದಟ್ಟಣೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಾಗ ಸ್ಕೂಟರು, ಮೋಟಾರ್ ಸೈಕಲ್ಲುಗಳು ಆ ಹಾದಿಗೆ ನುಗ್ಗಿದವು. ಮೊದಮೊದಲು ಮಾರ್ಷಲ್‌ಗಳನ್ನು ನಿಲ್ಲಿಸಿದರು. ಅವರು ಇದ್ದಾಗ ಇದ್ದ ಶಿಸ್ತು ಅವರು ಹೋದಾಗ ಹೋಯಿತು. ಅಡ್ಡಗಂಬ ನೆಟ್ಟು ತಡೆಯೋಣವೆಂದರೆ ಅದೂ ಸುಲಭವಲ್ಲ. ಮೋಟಾರ್ ಸೈಕಲ್ ನುಸುಳದಷ್ಟು ಒತ್ತಾಗಿ ನೆಟ್ಟರೆ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿಗೂ ದಾರಿ ಇಲ್ಲವಾಗುತ್ತದೆ.

ಸೈಕಲ್ ಹಾದಿಯೆಂಬುದು ನೀರಿನ ಕೊಳವೆಯಂತೆ. ಒಂದು ಕಡೆ ಕಟ್ಟಿಕೊಂಡರೆ ಇಡೀ ಕೊಳವೆಯೇ ವ್ಯರ್ಥ. ಒಂದೇ ಒಂದು ಕಾರು ಅಡ್ಡ ನಿಂತರೂ ಸವಾರ ಇಳಿದು, ಅಂಚುಕಲ್ಲು ದಾಟಿ, ಹಿಂದಿನಿಂದ ವೇಗವಾಗಿ ಬರುವ ಬಸ್ಸು ಲಾರಿಗಳ ನಡುವೆ ಸೇರಬೇಕು. ಇಂಥ ಕಡೆ ನಾಲ್ಕು ಸಿಕ್ಕರೆ ಮರುದಿನ ಅವನು ಹಾದಿಯ ಗೊಡವೆಗೇ ಹೋಗದೆ ಮುಖ್ಯರಸ್ತೆಯಲ್ಲೇ ಹೊರಡುತ್ತಾನೆ. ಆಗ ನಾವು, "ನೋಡಿ, ಸೈಕಲ್ಲಿನವರು ಹಾದಿಯನ್ನು ಬಳಸುವುದೇ ಇಲ್ಲ" ಎನ್ನುತ್ತೇವೆ. ಖಾಲಿ ಇದೆಯೆಂದು ಇನ್ನೊಂದು ಕಾರು ನಿಲ್ಲಿಸುತ್ತೇವೆ. ಅಡಚಣೆಯೇ ಅಡಚಣೆಗೆ ಸಮರ್ಥನೆಯಾಗುವ ಬಗೆ ಇದು.

ಬಿ.ಆರ್.ಟಿ. ವ್ಯವಸ್ಥೆಯ ವಿರುದ್ಧದ ಅರ್ಜಿಯನ್ನು ದೆಹಲಿ ಹೈಕೋರ್ಟು 2012ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಆದರೂ 2015ರಲ್ಲಿ ದೆಹಲಿ ಸರ್ಕಾರ ಅದನ್ನು ತೆಗೆಯಲು ನಿರ್ಧರಿಸಿತು. 2016ರಲ್ಲಿ ಕೆಡಹುವ ಕೆಲಸ ನಡೆಯಿತು. ಗೆದ್ದ ದಾರಿಯೂ ಹೀಗೆ ಉಳಿಯಲಿಲ್ಲ.

ಇದರಲ್ಲಿ ತಪ್ಪು ಪರರದೇ ಎಂದರೆ ಸುಳ್ಳಾದೀತು. ಕಚೇರಿಗೆ ಹೊತ್ತಾಯಿತೆಂದು ಆ ಹಾದಿಗೆ ಸ್ಕೂಟರ್ ಇಳಿಸಿದವರಲ್ಲಿ ನಾವೂ ಇದ್ದೆವು. ಎದುರಾದ ಸೈಕಲ್ಲಿನವನು ಮಾತಾಡದೆ ಇಳಿದು ಪಕ್ಕಕ್ಕೆ ನಿಂತ. ನಮ್ಮ ಹಿರಿಯರು ಕೂತ ಸೀಟಿನ ಮೇಲೆ ಇಂದು ಕೂತಿರುವವರು ಕಾವಲುಗಾರರು, ಗಾರೆ ಕೆಲಸದವರು, ಹಾಲು ಹಾಕುವವರು. ಬಸ್ಸಿನ ದುಡ್ಡನ್ನೂ ಉಳಿಸಬೇಕಾದವರಿಗೆ ಬೇರೆ ವಾಹನವಿಲ್ಲ. ಹಾದಿ ತಪ್ಪಿದರೆ ಅವರಿಗೆ ಉಳಿಯುವುದು ಲಾರಿಯ ಪಕ್ಕದ ಒಂದು ಮೊಳ ಜಾಗ.

ಹೊಸ ಹಾದಿಗಳ ಯೋಜನೆಗಳು ಬರುತ್ತಲೇ ಇರುತ್ತವೆ. ಅವನ್ನು ಕಟ್ಟುವುದು ಸರ್ಕಾರದ ಕೆಲಸ. ತೆರವಾಗಿಡುವುದರಲ್ಲಿ ನಮ್ಮ ಪಾಲೂ ಇದೆ. ಮುಂದಿನ ಕಾರ್ಯಕ್ರಮಕ್ಕೆ ಬರುವಾಗ "ಐದೇ ನಿಮಿಷ" ಎಂದುಕೊಂಡು ಗಾಡಿಯನ್ನು ಅಂಚಿಗೆ ಒತ್ತುವ ಮುನ್ನ, ಮಫ್ಲರ್ ಸುತ್ತಿಕೊಂಡು ಬರುತ್ತಿದ್ದ ಆ ಹಿರಿಯರನ್ನು ಒಮ್ಮೆ ನೆನೆದರೆ ಸಾಕು. ಅವರೇ ಈಗ ಆ ಹಾದಿಯಲ್ಲಿ ಬರುತ್ತಿದ್ದರೆ ನಾವು ಗಾಡಿಯನ್ನು ಅಲ್ಲಿ ನಿಲ್ಲಿಸುತ್ತಿದ್ದೆವೇ?