ಕಸ್ತೂರಿಯ ತುತ್ತೂರಿ ಮತ್ತು ಬಕೆಟ್ಟಿನಲ್ಲಿ ಮುಳುಗಿದ ಬುಗುರಿ

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸು ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಆದರೆ ಮೊನ್ನೆ ಊರಿಗೆ, ಅಂದರೆ ರಾಮನಗರಕ್ಕೆ ಹೋಗಿದ್ದಾಗ ನಡೆದದ್ದನ್ನು ಬರೆಯಲೇಬೇಕು ಅನ್ನಿಸಿತು.

ಅಕ್ಕ ಇರುವುದು ಟೆಕ್ಸಾಸ್‌ನಲ್ಲಿ. ಆರು ವರ್ಷದ ಮಗನಿಗೆ ಮನೆಯಲ್ಲೇ ಪಾಠ. ಅಕ್ಕಪಕ್ಕದವರೆಲ್ಲ ಮೆಕ್ಸಿಕೋ ಮೂಲದವರು, ಇವನು ಆಡುವುದೂ ಅವರ ಮಕ್ಕಳ ಜೊತೆಗೇ. ಹಾಗಾಗಿ ಅಕ್ಕ ಲೈಬ್ರರಿಯಿಂದ ಸ್ಪ್ಯಾನಿಷ್ ಕಥೆ ಪುಸ್ತಕ ತಂದು ಓದಿಸುತ್ತಾಳೆ. ಊರಿಗೆ ಬಂದವನು ಅಮ್ಮನ ಪಕ್ಕ ಕೂತು ಜಿರಳೆ ಮಾರ್ತಿನಾ ಮತ್ತು ಇಲಿ ಪೆರೆಸ್ ಕಥೆ ಶುರುಮಾಡಿದ. ಎಲ್ಲಾ ಇಂಗ್ಲಿಷು, ನಡುನಡುವೆ ಸ್ಪ್ಯಾನಿಷು. ಅಮ್ಮ ನಗುತ್ತಾ ತಲೆಯಾಡಿಸುತ್ತಿದ್ದರು. ಅವನು ಆಡಲು ಎದ್ದು ಹೋದ ಮೇಲೆ, "ನಂಗೆ ಒಂದಕ್ಷರನೂ ತಿಳೀಲಿಲ್ಲ ಕಣೆ. ಮೊಮ್ಮಗ ಪಕ್ಕದಲ್ಲೇ ಕೂತಿದ್ರೂ ದೂರದಲ್ಲೇ ಅವನಲ್ಲ" ಅಂದರು. ಅಕ್ಕ ಮಾತಾಡಲಿಲ್ಲ. ರಾತ್ರಿ ನನ್ನ ಹತ್ತಿರ, "ಅವರ ಪುಸ್ತಕ ಸಿಗುತ್ತೆ ಕಣೋ, ನಮ್ಮದು ಯಾವುದನ್ನ ಓದಿಸ್ಲಿ ಹೇಳು" ಅಂದಳು.

ಆ ಜಿರಳೆ ಕಥೆ ಪುಸ್ತಕವಾದದ್ದೇ ಒಂದು ಇತಿಹಾಸ. ಪುರಾ ಬೆಲ್‌ಪ್ರೇ ಅನ್ನುವ ಪೋರ್ಟೊರಿಕೋ ಹೆಣ್ಣುಮಗಳು 1921ರಲ್ಲಿ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರು. ತಮ್ಮ ಅಜ್ಜಿ ಹೇಳುತ್ತಿದ್ದ ಕಥೆಗಳು ಅಲ್ಲಿನ ಕಪಾಟಿನಲ್ಲಿ ಇರಲಿಲ್ಲ. ಮೊದಲು ಮಕ್ಕಳನ್ನು ಕೂರಿಸಿಕೊಂಡು ಬಾಯಲ್ಲೇ ಹೇಳಿದರು, 1932ರಲ್ಲಿ ಪುಸ್ತಕ ಮಾಡಿದರು. 1996ರಿಂದ ಅವರ ಹೆಸರಿನಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿಯೂ ಇದೆ. ಅಜ್ಜಿಯ ಕಥೆ ಪುಸ್ತಕವಾಗಿ ನಮ್ಮ ಮನೆಯವರೆಗೂ ಬಂತು, ನಮ್ಮ ಅಜ್ಜಿಗೇ ಅರ್ಥವಾಗಲಿಲ್ಲ ಅಷ್ಟೇ!

ಕಾಕತಾಳೀಯ ನೋಡಿ, ಅದೇ 1921ರಲ್ಲಿ ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದ್ದು. ಆಮೇಲೆ ಕುವೆಂಪು, ಬ್ರೌನಿಂಗನ ಜರ್ಮನ್ ಊರಿನ ಇಲಿಗಳನ್ನು ತುಂಗೆಯ ದಡದ ಬೊಮ್ಮನಹಳ್ಳಿಗೆ ಓಡಿಸಿಕೊಂಡು ಬಂದರು. ಆದರೆ ಅಕ್ಕನ ಪ್ರಶ್ನೆಗೆ ಉತ್ತರ ನಮ್ಮೂರಲ್ಲೇ ಇತ್ತು. ಜಿ.ಪಿ. ರಾಜರತ್ನಂ ಹುಟ್ಟಿದ್ದು ರಾಮನಗರದಲ್ಲಿ. ಆಗ ಇದಕ್ಕೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿತ್ತು, ಕ್ಲೋಸ್‌ಪೇಟೆ. 'ರತ್ನನ ಪದಗಳು' ಬರೆದವರೇ ಇವರು. ಎಂ.ಎ. ಓದಿದ ಮೇಲೆ ಅವರು ಪಾಠ ಹೇಳಲು ಹೋದದ್ದು ಚಿಕ್ಕ ಮಕ್ಕಳಿಗೆ. ಪಠ್ಯದ ಪದ್ಯಗಳು ಮಕ್ಕಳಿಗೆ ರುಚಿಸುತ್ತಿಲ್ಲ ಅಂತ ಕಂಡು ತಾವೇ ಬರೆಯಲು ಕೂತರು. 'ತುತ್ತೂರಿ' ಬಂದದ್ದು ಹಾಗೆ. ಬೆಲ್‌ಪ್ರೇ ಅವರದ್ದೂ ಇದೇ ಕಥೆಯಲ್ಲವೇ? ಎದುರಿಗೆ ಕೂತ ಮಕ್ಕಳಿಗೆ ಬೇಕಾದ್ದು ಪುಸ್ತಕದಲ್ಲಿರಲಿಲ್ಲ, ಅದಕ್ಕೇ ಬರೆದರು.

ಇಷ್ಟೆಲ್ಲ ಹೊಳೆಯುವ ಮೊದಲು ನಾನು ಮಾಮನ ಗತ್ತಿನಲ್ಲಿ ಒಂದು ಎಡವಟ್ಟು ಮಾಡಿದ್ದೆ. ಮಾಗಡಿಗೆ ಕರೆದುಕೊಂಡು ಹೋಗಿ ಕೆಂಪೇಗೌಡರ ಬಗ್ಗೆ ಭಾಷಣ ಬಿಗಿದೆ. ವಾಪಸ್ ಬರುವಾಗ ಹುಡುಗ ಕಾರಿನಲ್ಲಿ ಗೊರಕೆ :-( ಮಾರನೇ ದಿನ ಅಮ್ಮ ಕಾಲು ಚಾಚಿ, ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ತುತ್ತೂರಿ ಪದ್ಯ ಹೇಳಿದರು. ಪುಸ್ತಕವೂ ಬೇಕಾಗಲಿಲ್ಲ, ಅವರಿಗೆ ಬಾಯಿಪಾಠ. ಕಸ್ತೂರಿ ಜಂಬ ಮಾಡಿದ್ದು, ತುತ್ತೂರಿ ಕೊಳಕ್ಕೆ ಬಿದ್ದು ಗಂಟಲು ಕಟ್ಟಿದ್ದು, ಬಣ್ಣ ನೀರುಪಾಲಾಗಿದ್ದು, ಎಲ್ಲಾ ಕೈಯಲ್ಲಿ ಅಭಿನಯಿಸಿ ತೋರಿಸಿದರು. ಹುಡುಗ ಬಿದ್ದು ಬಿದ್ದು ನಕ್ಕ. ಮತ್ತೆ ಹೇಳು ಅಂದ. ಐದು ಸಲ! "ಕಾಸು ಅಂದ್ರೆ?" ಅಂತ ಕೇಳಿದ. ಅಮ್ಮ ಬೀರುವಿನಿಂದ ತೂತಿನ ಕಾಸು ತೆಗೆದು ಅಂಗೈಯಲ್ಲಿಟ್ಟರು. 1957ರಲ್ಲಿ ನಯಾಪೈಸೆ ಬರುವ ಮೊದಲು ರೂಪಾಯಿಗೆ 16 ಆಣೆ, ಆಣೆಗಿಂತ ಚಿಕ್ಕದು ಕಾಸು... ನನ್ನ ಭಾಷಣದಲ್ಲಿ ನಿದ್ದೆ ಮಾಡಿದವನು ಇದನ್ನು ಕಣ್ಣರಳಿಸಿ ಕೇಳಿದ. ಅಕ್ಕ ಅನುವಾದ ಮಾಡುತ್ತಿದ್ದಳು, ಎರಡನೇ ದಿನಕ್ಕೆ ಅದೂ ಕಡಿಮೆಯಾಯಿತು.

ಆಮೇಲೆ ಚನ್ನಪಟ್ಟಣಕ್ಕೆ ಹೋದೆವು. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕಸುಬು ಬಂತೆಂಬ ಮಾತಿದೆ. 2005-06ರಲ್ಲಿ ಇಲ್ಲಿನ ಗೊಂಬೆಗಳಿಗೆ ಜಿಐ ಮಾನ್ಯತೆ ಸಿಕ್ಕಿತು. ಲೇತಿನಲ್ಲಿ ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿತ್ತು. ಅದಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ಒಣಗಿದ ಗರಿಯಿಂದ ತಿಕ್ಕಿದರೆ ಫಳಫಳ. ಒಂದು ಕೆಂಪು ಬುಗುರಿ ಕೊಡಿಸಿದೆ.

ಮನೆಗೆ ಬಂದವನೇ ಅದನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿ, ಕೈಯಲ್ಲಿ ಮುಳುಗಿಸಿ ಹಿಡಿದಿದ್ದಾನೆ! ಅಕ್ಕ ಬೈಯಲು ಹೊರಟಳು. ಅವನು ಬುಗುರಿ ಮೇಲೆತ್ತಿ, "ಅಜ್ಜಿ, ಬಣ್ಣ ಹೋಗಿಲ್ಲ!" ಅಂದ. ಅಮ್ಮನಿಗೆ ಅವನು ಹೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ. ಅಮ್ಮ ಸೆರಗಿನಿಂದ ಬುಗುರಿ ಒರೆಸಿದರು, ಹಾಗೇ ಕಣ್ಣನ್ನೂ.

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಜಿಲ್ಲೆಯಾಯಿತು, 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಹೆಸರು ಏನಾದರೂ ಇರಲಿ, ನಮ್ಮೂರಿನ ಈ ಮೇಷ್ಟ್ರ ಪದ್ಯ ಮನೆಮನೆಯಲ್ಲಿ ಉಳಿಯಬೇಕು. ಈಗ ಭಾನುವಾರ ಫೋನಿನಲ್ಲಿ ಅಜ್ಜಿ ಮೊಮ್ಮಗನದ್ದೇ ಕಾರುಬಾರು. ಹೋದ ವಾರ ಪೆರೆಸ್ ಪಾಯಸದ ಪಾತ್ರೆಗೆ ಬಿದ್ದು ಸತ್ತ ಕಥೆಯನ್ನು ಹರಕುಮುರುಕು ಕನ್ನಡದಲ್ಲಿ ಹೇಳಿದನಂತೆ. "ಅಯ್ಯೋ ಪಾಪ, ಇಲಿಗೂ ಜಂಬ ಇತ್ತೇನಪ್ಪ?" ಅಂತ ಅಮ್ಮ ಕೇಳಿದರಂತೆ.

ನಿಮ್ಮ ಮನೆಯಲ್ಲಿ ಅಜ್ಜಿಯರ ಬಾಯಲ್ಲಿ ಯಾವ ಪದ್ಯ ಉಳಿದಿದೆ? ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.