ಹೊಸ ಕಾರಿನೊಳಗಿನ ಹಳೆಯ ಕಾರು

ಕಾರು ಕೊಳ್ಳುವವರು ಈಗ ಮೊದಲು ಮಾಡುವ ಕೆಲಸ ಹೋಲಿಕೆ. ಹಳೆಯ ಮಾದರಿಗೂ ಹೊಸದಕ್ಕೂ ಏನು ವ್ಯತ್ಯಾಸ, ಹೆಚ್ಚಿಗೆ ಕೊಡುವ ಹಣಕ್ಕೆ ತಕ್ಕದ್ದೇನಾದರೂ ಸಿಗುತ್ತದೆಯೇ ಎಂದು ನಾಲ್ಕಾರು ಕಡೆ ವಿಚಾರಿಸದೆ ಮುಂಗಡ ಕಟ್ಟುವವರು ಕಡಿಮೆ. ನಮ್ಮ ದೇಶದ ಮಟ್ಟಿಗೆ ಈ ಅಭ್ಯಾಸ ತೀರ ಈಚಿನದು. ಸ್ವಾತಂತ್ರ್ಯಾನಂತರ ಮೂರು ದಶಕಕ್ಕೂ ಮೀರಿ ಇಲ್ಲಿ ಹೋಲಿಸಿ ನೋಡಲು ಹೆಚ್ಚೇನೂ ಇರಲಿಲ್ಲ. ಇದ್ದ ವ್ಯತ್ಯಾಸವೂ ಬಹುಮಟ್ಟಿಗೆ ಕಾರಿನ ಮುಖದಲ್ಲಿತ್ತೇ ಹೊರತು ಎದೆಯಲ್ಲಿ ಅಲ್ಲ.

ಅಂಬಾಸಡರನ್ನೇ ತೆಗೆದುಕೊಳ್ಳಿ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿ. ಅಲ್ಲಿ 1956ರಲ್ಲಿ ಹುಟ್ಟಿ 1959ರಲ್ಲೇ ಕಣ್ಮುಚ್ಚಿದ ಆ ಮಾದರಿ, ಕಲ್ಕತ್ತೆಯ ಬಳಿಯ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1957ರಿಂದ 2014ರವರೆಗೆ ಬಾಳಿತು. ನಡುವೆ 1962ರಲ್ಲಿ ಮಾರ್ಕ್ 2, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4 ಎಂದು ನಾಮಕರಣಗಳಾದವು. ಮುಂದಿನ ಜಾಲರಿ ಬದಲಾಯಿತು, ದೀಪಗಳು ಬದಲಾದವು. ಬಾನೆಟ್ ಎತ್ತಿದರೆ ಕಾಣುತ್ತಿದ್ದುದು ಅದೇ 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. 1990ರ ದಶಕದ ಆರಂಭದಲ್ಲಿ ಇಸುಜು ಎಂಜಿನ್ನೂ ಐದು ಗೇರೂ ಬಂದಾಗಲೇ ‘ಹಳೆಯದೋ ಹೊಸದೋ’ ಎಂಬ ಪ್ರಶ್ನೆಗೆ ನಿಜವಾದ ಅರ್ಥ ಬಂದದ್ದು. ಮುಂಬಯಿಯ ಪದ್ಮಿನಿಯ ಕಥೆಯೂ ಇದೇ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದ ಕಾರು 1970ರ ದಶಕದಲ್ಲಿ ಚಿತ್ತೂರಿನ ರಾಣಿಯ ಹೆಸರು ಪಡೆಯಿತು. ರಾಣಿ ಹೊಸಬಳು, ರಥ ಹಳೆಯದು.

ಕೊಳ್ಳುವವನು ಇದನ್ನು ಸಹಿಸಿಕೊಂಡದ್ದಕ್ಕೆ ಕಾರಣ ಸರಳ. ಎಷ್ಟು ಕಾರು ತಯಾರಾಗಬೇಕು ಎಂಬುದನ್ನು ಲೈಸೆನ್ಸು ನಿರ್ಧರಿಸುತ್ತಿತ್ತು. ಹಂಚಿಕೆ ಮತ್ತು ಮಾರಾಟದ ಮೇಲೆ 1959ರಲ್ಲಿ ನಿಯಂತ್ರಣಾದೇಶವೇ ಬಂತು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ, ಕೈಯಲ್ಲೇ ಇರುವ ಹಳೆಯ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುವುದೂ ಇತ್ತು. ಮಾರುಕಟ್ಟೆ ತಲೆಕೆಳಗಾಗಿ ನಿಲ್ಲುವುದೆಂದರೆ ಇದೇ ಅಲ್ಲವೇ?

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಹಸ್ತಾಂತರಿಸಿದಾಗ ಈ ಸ್ಥಿತಿ ಅಲುಗಾಡಿತು. ತೂಕದಲ್ಲಿ ಅಂಬಾಸಡರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಎಳೆಯುವುದು ಮುಂದಿನ ಚಕ್ರ. ಇನ್ನೂ ಮುಖ್ಯ ಸಂಗತಿಯೆಂದರೆ 1986ರಲ್ಲಿ ಹೆಸರು ಅದೇ ಇದ್ದು ಮೈಕಟ್ಟು ಪೂರ್ತಿ ಬದಲಾಯಿತು. ಮೂರೇ ವರ್ಷದ ಕಾರು ‘ಹಳೇ ಮಾಡೆಲ್’ ಆಗಬಲ್ಲದೆಂಬುದನ್ನು ನಮ್ಮ ಮಧ್ಯಮ ವರ್ಗ ಕಂಡುಕೊಂಡದ್ದು ಆಗ. ಹಾಗೆಂದು ಅಂಬಾಸಡರ್ ಹಿಡಿದವರೆಲ್ಲ ದಡ್ಡರೇನೂ ಅಲ್ಲ. ದಶಕಗಟ್ಟಲೆ ಬದಲಾಗದ ಕಾರಿನ ಬಿಡಿಭಾಗ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ದೊರೆಯುತ್ತಿತ್ತು. ಅದನ್ನು ಬಿಚ್ಚಿ ಕೂಡಿಸಲು ಬರದ ಮೆಕ್ಯಾನಿಕ್ ಇರಲಿಲ್ಲ. ದೂರದ ಊರಿನಲ್ಲಿ ಕೆಟ್ಟು ನಿಂತಾಗ ಇದರ ಬೆಲೆ ತಿಳಿಯುತ್ತಿತ್ತು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸು ರದ್ದಾದ ಮೇಲೆ ವಿದೇಶೀ ಹೆಸರುಗಳು ಸಾಲುಗಟ್ಟಿದವು. ಇಲ್ಲಿ ಸ್ವಾರಸ್ಯವಿದೆ. ದಶಕದ ಮಧ್ಯದಲ್ಲಿ ಬಂದ ಪೂಜೊ 309ರ ಜಾಗಕ್ಕೆ ಯುರೋಪಿನಲ್ಲಿ 1993ರಲ್ಲೇ 306 ಬಂದು ಕುಳಿತಿತ್ತು. ಡೇವೂ ಕಂಪನಿ 1995ರಲ್ಲಿ ತಂದ ಸಿಯೆಲೊ, ಜರ್ಮನಿಯ ಒಪೆಲ್ ಕಂಪನಿ 1984ರಲ್ಲಿ ಹೊರತಂದಿದ್ದ ಕ್ಯಾಡೆಟ್ ಕಾರಿನಿಂದ ಬೆಳೆದದ್ದು. ಅದೇ ಕ್ಯಾಡೆಟ್‌ನ ಉತ್ತರಾಧಿಕಾರಿಯಾದ ಆಸ್ಟ್ರಾ 1996ರಲ್ಲಿ ಇಲ್ಲಿಗೆ ಬಂತು. ಸಿಯೆಲೊ ಕೊಳ್ಳಲೋ ಆಸ್ಟ್ರಾ ಕೊಳ್ಳಲೋ ಎಂದು ತೂಗಿ ನೋಡಿದವರು, ತಮಗೆ ತಿಳಿಯದೆಯೇ, ಒಂದೇ ಮನೆತನದ ಹಳೆಯ ತಲೆಮಾರನ್ನೂ ಹೊಸದನ್ನೂ ಹೋಲಿಸುತ್ತಿದ್ದರು! ನಮ್ಮ ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಬಂದ ಕ್ವಾಲಿಸ್ ಕೂಡ ಇಂಡೊನೇಷ್ಯಾದ ಕಿಜಾಂಗ್ ಗಾಡಿಯ, ಅಲ್ಲಿ ಆಗಲೇ ಹಿಂದೆ ಸರಿದಿದ್ದ ರೂಪ. ಆದರೂ ಟ್ಯಾಕ್ಸಿಯವರು ಅದನ್ನು ಮೆಚ್ಚಿಕೊಂಡರು. ಹಳತೆಂಬುದೇ ದೋಷವಲ್ಲ. ಹೊಸದರ ಬೆಲೆ ತೆತ್ತು ಹಳತನ್ನು ಅರಿಯದೆ ಕೊಳ್ಳುವುದು ಬೇರೆ ಮಾತು.

ಕ್ರಮೇಣ ಸರಕಾರದ ಕಾನೂನೇ ಮಾದರಿಗಳ ನಡುವೆ ಗೆರೆ ಎಳೆಯತೊಡಗಿತು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಅಂಥ ಕಾರಿಗೆ ಸೀಸರಹಿತ ಪೆಟ್ರೋಲೇ ಬೇಕು. 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ನಿಯಮ ಬಂದಾಗ ಮಾರುತಿ 800 ಅಲ್ಲಿಂದ ನಿರ್ಗಮಿಸಿತು.

ಆಮೇಲೆ ಬಂದ ಗೆರೆ ಪ್ರಾಣಕ್ಕೆ ಸಂಬಂಧಿಸಿದ್ದು. 1984ರಲ್ಲಿ ಹೊರಬಂದ ಮಾರುತಿ ವ್ಯಾನ್, ಮುಂದೆ ಓಮ್ನಿ ಎನ್ನಿಸಿಕೊಂಡದ್ದು, ಎಂಜಿನ್ನನ್ನು ಮುಂದಿನ ಸೀಟಿನ ಅಡಿಯಲ್ಲಿ ಇಟ್ಟುಕೊಂಡಿತ್ತು. ಚಾಲಕನ ಮೊಣಕಾಲಿನ ಮುಂದೆ ಇದ್ದುದು ತೆಳು ತಗಡು. ಹಳೆಯ ಮಾದರಿಗಳೂ ಡಿಕ್ಕಿ ಪರೀಕ್ಷೆಯಲ್ಲಿ ಪಾಸಾಗಬೇಕೆಂಬ ನಿಯಮ 2019ರ ಅಕ್ಟೋಬರಿನಿಂದ ಜಾರಿಗೆ ಬರುವುದಿತ್ತು. ಓಮ್ನಿ ಆ ವರ್ಷವೇ ನಿಂತಿತು. 2019ರ ಜುಲೈಯಿಂದ ಚಾಲಕನ ಮುಂದೆ ಏರ್‌ಬ್ಯಾಗ್ ಕಡ್ಡಾಯ. ಪಕ್ಕದ ಸೀಟಿಗೂ ಕೊಡಲೇಬೇಕೆಂಬ ನಿಯಮ ಹಳೆಯ ಮಾದರಿಗಳಿಗೆ ಅನ್ವಯವಾದದ್ದು 2021ರ ಕೊನೆಗೆ. ಹೀಗಾಗಿ ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಕಾರುಗಳು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಕ್ಕಪಕ್ಕ ನಿಂತಿದ್ದರೆ ಮೊದಲು ನೋಡಬೇಕಾದದ್ದು ಆರ್.ಸಿ. ಪುಸ್ತಕದಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷ. ಆಮೇಲೆ ಎಡಬದಿಯ ಡ್ಯಾಶ್‌ಬೋರ್ಡಿನ ಮೇಲೆ ಏರ್‌ಬ್ಯಾಗಿನ ಗುರುತು ಇದೆಯೇ ಎಂಬುದು.