ಮೂರು ದಿನದ ಮಾಂಸ

ಕಳೆದ ವರ್ಷ ಮೊಹರಂ ಹೊತ್ತಿಗೆ ನಮ್ಮ ಫ್ರಿಜ್ಜಿನ ತಳದಲ್ಲಿ ಮಾಂಸದ ಪೊಟ್ಟಣವೊಂದು ಸಿಕ್ಕಿತು. ಬಕ್ರೀದಿನದು. ಅಮ್ಮಿ ಅದನ್ನು ನೋಡಿ, "ತಿಂಗಳಾಯ್ತಲ್ಲ, ಇದು ಯಾರ ಪಾಲು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಫ್ರಿಜ್ ಇಲ್ಲದ ಕಾಲದಲ್ಲಿ ಅಮ್ಮಿ ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡುತ್ತಿದ್ದರು: ಮನೆಗೊಂದು, ನೆಂಟರಿಷ್ಟರಿಗೊಂದು, ಬಡವರಿಗೊಂದು. ಓಣಿಯ ಕೊನೆಯಲ್ಲಿ ಬೀಡಿ ಕಟ್ಟಿ ಬದುಕುತ್ತಿದ್ದ ವಿಧವೆಯೊಬ್ಬರ ಪಾಲು ಎಲ್ಲಕ್ಕಿಂತ ಮೊದಲು ಹೋಗುತ್ತಿತ್ತು. ಹೊತ್ತುಕೊಂಡು ಓಡುವುದು ನನ್ನ ಕೆಲಸ. "ಆಕೆ ಕೇಳಿಕೊಂಡು ಬರೋಳಲ್ಲ" ಎನ್ನುತ್ತಿದ್ದರು ಅಮ್ಮಿ.

ಆ ಮಾತಿನ ಬೇರು ಎಲ್ಲಿದೆ ಎಂಬುದು ಮುಂದೆ ಓದಿದಾಗ ತಿಳಿಯಿತು. ಕುರ್‌ಆನಿನ 22ನೇ ಅಧ್ಯಾಯ ಬಲಿಯ ಮಾಂಸ ಪಡೆಯಬೇಕಾದ ಇಬ್ಬರನ್ನು ಹೆಸರಿಸುತ್ತದೆ. ಅವರಲ್ಲಿ ಒಬ್ಬ ಬೇಡಿ ಬರುವವನು. ಇನ್ನೊಬ್ಬ ಇದ್ದುದರಲ್ಲೇ ತೃಪ್ತನಾಗಿ ಬೇಡದೆ ಉಳಿಯುವವನು ಎಂದು ಅನೇಕ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಸಮನಾದ ಮೂರು ಪಾಲು ಮಾಡಬೇಕೆಂಬ ಅಳತೆ ಅಲ್ಲಿಲ್ಲ. ಅದು ಧರ್ಮಪಂಡಿತರು ಒಳ್ಳೆಯದೆಂದು ಹೇಳಿ ರೂಢಿಗೆ ಬಂದದ್ದು.

ಕೂಡಿಡುವ ಪ್ರಶ್ನೆಯೂ ಹೊಸದಲ್ಲ. ಬಕ್ರೀದಿನ ಮರುದಿನಗಳಿಗೆ 'ತಶ್ರೀಕ್' ಎಂಬ ಹೆಸರಿದೆ. ಮಾಂಸದ ಪಟ್ಟಿಗಳನ್ನು ಬಿಸಿಲಿಗೆ ಹರವುತ್ತಿದ್ದುದರಿಂದ ಆ ಹೆಸರು ಬಂತು ಎನ್ನುವುದುಂಟು. ಹದೀಸ್ ಸಂಗ್ರಹಗಳಲ್ಲಿ ಆಯಿಷಾ ಹೇಳಿದ ಪ್ರಸಂಗವೊಂದಿದೆ. ಒಂದು ವರ್ಷ ಹಬ್ಬದ ಹೊತ್ತಿಗೆ ಮರುಭೂಮಿಯ ಬಡ ಕುಟುಂಬಗಳು ಮದೀನಾಕ್ಕೆ ಬಂದವು. ಮೂರು ದಿನಕ್ಕಾಗುವಷ್ಟು ಮಾಂಸ ಇಟ್ಟುಕೊಂಡು ಉಳಿದದ್ದನ್ನು ದಾನ ಮಾಡಿ ಎಂದು ಪ್ರವಾದಿ ಮುಹಮ್ಮದರು ಆಜ್ಞಾಪಿಸಿದರು. ಆಮೇಲೆ ಜನ ಮತ್ತೆ ಕೇಳಿದಾಗ, ಅದು ಅಂದು ಬಂದವರಿಗಾಗಿ ಹೇಳಿದ್ದು. ಈಗ ತಿನ್ನಿ, ಕೂಡಿಡಿ, ದಾನವನ್ನೂ ಮಾಡಿ ಎಂದರು.

632ರ ವಿದಾಯ ಹಜ್ಜಿನಲ್ಲಿ ಅವರು ನೂರು ಒಂಟೆಗಳನ್ನು ಅರ್ಪಿಸಿದರು. ಮಾಂಸವನ್ನೂ ಚರ್ಮವನ್ನೂ ಹಂಚುವ ಹೊಣೆ ಅಲಿಯವರದಾಗಿತ್ತು. ಕಟುಕನ ಕೂಲಿಯನ್ನು ಅದರಿಂದ ಕೊಡಕೂಡದು ಎಂಬ ಕಟ್ಟಪ್ಪಣೆಯೂ ಇತ್ತು. ದಾನದ ವಸ್ತುವಿನಿಂದ ಸಾಲ ತೀರಿಸುವ ಹಾಗಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಹಜ್ ಯಾತ್ರಿಕರು ಲಕ್ಷಗಟ್ಟಲೆಯಾದಾಗ ಮಿನಾದಲ್ಲಿ ಹಂಚಲಾಗದೆ ಉಳಿದ ಮಾಂಸವನ್ನು ಹೂಳಬೇಕಾಗುತ್ತಿತ್ತು. 1983ರಲ್ಲಿ ಸೌದಿ ಅರೇಬಿಯಾ ಅದರ ಸದ್ಬಳಕೆಗೆಂದು ಯೋಜನೆಯೊಂದನ್ನು ಆರಂಭಿಸಿ, ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕಿಗೆ ವಹಿಸಿತು. ಮಾಂಸವನ್ನು ಶೀತಲೀಕರಿಸಿ ಮೊದಲು ಮಕ್ಕಾದ ಬಡವರಿಗೆ, ಮಿಕ್ಕಿದ್ದನ್ನು ಹೊರದೇಶಗಳ ಬಡವರಿಗೆ ಕಳಿಸಲಾಯಿತು. ಮಣ್ಣುಪಾಲಾಗುತ್ತಿದ್ದ ಅನ್ನ ಕಡಲು ದಾಟಿ ಹಸಿದವರನ್ನು ಮುಟ್ಟಿತು.

ನಮ್ಮ ಮನೆಯಲ್ಲಿ ಅದೇ ಯಂತ್ರ ಬೇರೆ ಕೆಲಸ ಮಾಡಿತು. ಫ್ರಿಜ್ ಬಂದ ವರ್ಷದಿಂದ ಪೊಟ್ಟಣಗಳು ಸಣ್ಣವಾದವು, ನಾನು ಹತ್ತುವ ಮೆಟ್ಟಿಲುಗಳು ಕಡಿಮೆಯಾದವು. ಕೂಡಿಡಲು ಅನುಮತಿ ಇದೆ, ನಿಜ. ಆದರೆ ಆ ಅನುಮತಿ ಕೊಡುವ ಮೊದಲು ಊರಿಗೆ ಯಾರು ಬಂದಿದ್ದಾರೆಂದು ನೋಡಿದ್ದರಲ್ಲ!

ಈಗ ನಮ್ಮ ಬಡಾವಣೆಯ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿವೆ. ಈ ಬಕ್ರೀದಿಗೆ ಅಮ್ಮಿ ಮೊದಲ ಪಾಲನ್ನು ಚೀಲಕ್ಕೆ ತುಂಬಿ ನನ್ನ ಕೈಗಿಟ್ಟರು. "ತಿನ್ನುವವರು ಯಾರು ಅಂತ ಮೊದಲು ವಿಚಾರಿಸು. ಅವರಾಗಿ ಕೇಳಲಿ ಅಂತ ಮಾತ್ರ ಕಾಯಬೇಡ" ಎಂದರು.